ಗೋಕುಲದಿಂದ ಗೋಮಾಳಕ್ಕೆ ಸೈಕಲ್ ದಾರಿ

ಬೆಳಗಿನ ಜಾವ ಐದೂವರೆಗೆ ಗೋಕುಲಂ ಮೂರನೇ ಹಂತದ ರಸ್ತೆಗಳಲ್ಲಿ ಎರಡು ಬಗೆಯ ಜನ ಕಾಣಸಿಗುತ್ತಾರೆ. ಒಂದು, ಚಾಪೆ ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡ ಪರದೇಶದವರು. 2002ರಲ್ಲಿ ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದಾಗಿನಿಂದ ಬಡಾವಣೆಗೆ ಬಂದ ಕಳೆ ಅದು. ಉಸಿರು ಹದ ಮಾಡಿಕೊಳ್ಳಲು ಏಳು ಸಮುದ್ರ ದಾಟಿ ಬಂದವರು ಅರ್ಧ ಮೈಲಿ ದೂರದ ಪಾಠಕ್ಕೆ ಬಾಡಿಗೆ ಸ್ಕೂಟರಿನಲ್ಲಿ ಹೊಗೆ ಬಿಡುತ್ತಾ ಹೋಗುವುದೊಂದು ತಮಾಷೆ. ಅದಿರಲಿ. ಎರಡನೆಯವರು ಸ್ಥಳೀಕರು: ತಲೆಗೆ ಹೆಲ್ಮೆಟ್ಟು, ಬಿಗಿ ಚಡ್ಡಿ, ಹ್ಯಾಂಡಲ್ಲಿಗೆ ಮಿಣುಕು ದೀಪ. ನಿವೃತ್ತ ಬ್ಯಾಂಕ್ ಅಧಿಕಾರಿ, ಕಂಪ್ಯೂಟರ್ ಕಂಪನಿಯ ಹುಡುಗ, ಇಬ್ಬರು ಮೂವರು ಡಾಕ್ಟರು, ಕಾಲೇಜು ಹುಡುಗಿಯರು. ಎಲ್ಲಿಗೆ ಸವಾರಿ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನರದು ಒಂದೇ ಉತ್ತರ: "ಬೆಟ್ಟಕ್ಕೆ."

ಬೆಟ್ಟ ಅಂದರೆ ಚಾಮುಂಡಿ ಬೆಟ್ಟ. ಮೈಸೂರಿನಲ್ಲಿ ಬೇರೆ ಬೆಟ್ಟವಿಲ್ಲ. ಊರಿನಿಂದ ಸುಮಾರು 1000 ಅಡಿ ಮೇಲಕ್ಕೆ ತುಳಿದು ಹತ್ತಿದರೆ ತೊಡೆಗೂ ಎದೆಗೂ ಒಳ್ಳೆಯದು, ದೇವಿಗೂ ಒಂದು ನಮಸ್ಕಾರ. ತಕರಾರೇನಿಲ್ಲ. ಆದರೆ ಗೋಕುಲಂ ಇರುವುದು ಊರಿನ ವಾಯವ್ಯಕ್ಕೆ, ಬೆಟ್ಟ ಇರುವುದು ಆಗ್ನೇಯಕ್ಕೆ. ಮನೆ ಬಿಟ್ಟು ಇಡೀ ಪೇಟೆ ಸೀಳಿಕೊಂಡು ಹೋಗಬೇಕು, ಬಿಸಿಲೇರಿದ ಮೇಲೆ ಸಿಟಿ ಬಸ್ಸು, ಶಾಲೆ ವ್ಯಾನುಗಳ ನಡುವೆ ಜೀವ ಕೈಯಲ್ಲಿ ಹಿಡಿದು ವಾಪಸು ಬರಬೇಕು. ಹೊಸ್ತಿಲಾಚೆ ಹೊಲ ಇಟ್ಟುಕೊಂಡು ಊರಾಚೆಯ ಸಂತೆಗೆ ಸೊಪ್ಪು ತರಲು ಹೋದಂತಾಯಿತು ಇದು.

ಅಷ್ಟಕ್ಕೂ ಆ ಬೆಟ್ಟ ಎಷ್ಟು ಭಾರ ಹೊರಬೇಕು ಸ್ವಾಮಿ? ಆಷಾಢ ಶುಕ್ರವಾರದ ಜನ, ದಸರೆಯ ಜನ, ಭಾನುವಾರ ಮೊಬೈಲಿನಲ್ಲಿ ಪಟ ತೆಗೆಯುವ ಜನ, ಅದರ ಮೇಲೆ ಕಾರುಗಳ ಸಾಲು. 2021ರ ಅಕ್ಟೋಬರ್-ನವೆಂಬರ್ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆಯ ಅಂಚು ಕುಸಿದು ಕೂತದ್ದನ್ನು ಊರೆಲ್ಲ ನೋಡಿದೆ. ಅಲ್ಲಿರುವುದು ಮೀಸಲು ಅರಣ್ಯ: ಜಾಲಿ, ಕಗ್ಗಲಿ, ಬೇಲ, ಬಂದರಿಕೆಯ ಕುರುಚಲು ಕಾಡು. ಒಣಗಿದ ಹುಲ್ಲಿಗೆ ಕಡ್ಡಿ ಬಿದ್ದರೆ ಸಾಕು, 2025ರ ಫೆಬ್ರವರಿಯಲ್ಲಿ ಬಿದ್ದಂತೆ ಬೆಂಕಿ ಬೀಳುತ್ತದೆ. ಇನ್ನು ಕೆಲವರು ದಪ್ಪ ಟೈರಿನ ಸೈಕಲ್ ತಂದು ಡಾಂಬರು ಬಿಟ್ಟು ಕಾಡಿನೊಳಗಿನ ಕಾಲುದಾರಿಗೇ ಇಳಿಯುತ್ತಾರೆ. ಅವರು ಸೀಳಿದ ಜಾಡಿನಲ್ಲಿ ಮಳೆನೀರು ಓಡುತ್ತದೆ, ಮಣ್ಣು ಕೊಚ್ಚುತ್ತದೆ. ಬೆಟ್ಟ ಕುಸಿಯಿತು ಅಂತ ಅಳುವವರೂ ಹೀಗೆ ಸೀಳುವವರೂ ಬೇರೆ ಬೇರೆ ಊರಿನವರಲ್ಲ.

ಹಾಗಾದರೆ ಗೋಕುಲದವರು ಎಲ್ಲಿಗೆ ಹೋಗಬೇಕು? ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ. ಕೃಷ್ಣರಾಜಸಾಗರದ ರಸ್ತೆ ಹಿಡಿದರೆ ಬೆಳಗೊಳ, ಹುಣಸೂರು ರಸ್ತೆ ಹಿಡಿದರೆ ಹಿನಕಲ್, ಕೂರ್ಗಳ್ಳಿ, ಇಲವಾಲ. ಈ ಎರಡು ರಸ್ತೆಗಳ ನಡುವೆ, ಅವುಗಳ ಆಚೆ, ಇನ್ನೂ ಒಂದಷ್ಟು ಬಯಲು ಉಳಿದಿದೆ. ಹುಲ್ಲು, ನಡುನಡುವೆ ಜಾಲಿ, ಕಲ್ಲುಬಂಡೆ, ಕೆರೆಯಂಗಳ, ಗಾಡಿ ದಾರಿ. ಇಲವಾಲ ಗೋಕುಲದಿಂದ 10-12 ಕಿಲೋಮೀಟರು. ಮಧ್ಯಮ ವಯಸ್ಸಿನವನೂ ಮುಕ್ಕಾಲು ಗಂಟೆಯಲ್ಲಿ ತುಳಿಯುವ ದೂರ. ಅಲ್ಲಿಂದ ಮುಂದೆ ಬಿಳಿಕೆರೆ ಕಡೆ ಸಾಗಿದರೆ ಅರಬಿತಿಟ್ಟು ಅಭಯಾರಣ್ಯದ ಅಂಚು. ಇಂಥದೊಂದು ಜಾಗ ಇದೆ ಎಂಬುದೇ ಮೈಸೂರಿನ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. 1985ರಲ್ಲಿ ಅಭಯಾರಣ್ಯವೆಂದು ಸಾರಿದ 13.5 ಚದರ ಕಿಲೋಮೀಟರಿನ ತುಂಡು ಅದು. ಹುಲಿ ಇಲ್ಲ, ಆನೆ ಇಲ್ಲ, ಹಾಗಾಗಿ ಜೀಪು ಸಫಾರಿ ಇಲ್ಲ, ಹಾಗಾಗಿ ಪತ್ರಿಕೆಗಳಲ್ಲಿ ಸುದ್ದಿಯೂ ಇಲ್ಲ. ಕುರುಚಲು ಕಾಡು, ನೆಟ್ಟು ಬೆಳೆಸಿದ ನೀಲಗಿರಿ, ಗಂಧದ ಗಿಡ. ಗೌಜಲಹಕ್ಕಿ ಕೂಗುತ್ತದೆ, ನವಿಲು ಅಡ್ಡ ಬರುತ್ತದೆ, ಚಿರತೆ ಇದ್ದರೂ ಕಾಣಿಸಿಕೊಳ್ಳುವುದು ಅಪರೂಪ.

ಇಂಥ ನೆಲಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರುಗಳಿವೆ: ಕಾವಲು, ಗೋಮಾಳ, ಹುಲ್ಲುಬನ್ನಿ, ತಿಟ್ಟು, ಮಾಳ. ಸರ್ಕಾರದ ಕಾಗದದಲ್ಲಿ ಮಾತ್ರ ಒಂದೇ ಹೆಸರು: ಬಂಜರು. ಮರವಿಲ್ಲದ್ದು ಕಾಡಲ್ಲ, ಬೆಳೆಯಿಲ್ಲದ್ದು ಹೊಲವಲ್ಲ, ಆದ್ದರಿಂದ ಪಾಳು. ಕಂದಾಯ ಹುಟ್ಟದ ನೆಲವೆಲ್ಲ ದಂಡ ಎಂದು ಬ್ರಿಟಿಷರ ಕಾಲದ ಲೆಕ್ಕದವರು ಬರೆದಿಟ್ಟದ್ದನ್ನು ಇಂದಿಗೂ ಯಾರೂ ಅಳಿಸಿಲ್ಲ. ದೇಶದ ಪಾಳು ಭೂಮಿಯ ನಕ್ಷೆ ಅಂತ ಸರ್ಕಾರ ಹೊರತರುವ ಪುಸ್ತಕದಲ್ಲೂ ಕುರುಚಲು ಬಯಲಿಗೆ ಪಾಳಿನ ಪಟ್ಟಿಯಲ್ಲೇ ಜಾಗ. ಹೆಸರು ಬಂಜರು ಎಂದಾದ ಮೇಲೆ ಅದರ ಮೇಲೆ ಲೇಔಟು ಮಾಡಿದರೂ ಪುಣ್ಯ, ಕಾರ್ಖಾನೆ ಕಟ್ಟಿದರೂ ಪುಣ್ಯ, ಕಟ್ಟಡ ಒಡೆದ ಇಟ್ಟಿಗೆ ಚೂರು ಸುರಿದರೆ ಕೇಳುವವರೇ ಇಲ್ಲ. ರಿಂಗ್ ರೋಡಿನ ಎರಡು ಬದಿ ಒಂದು ಸುತ್ತು ಬಂದರೆ ಸಾಕ್ಷಿ ಬೇರೆ ಬೇಕಿಲ್ಲ.

ಮೈಸೂರು ಸೀಮೆಯಲ್ಲಿ ಕಾವಲಿಗೆ ದೊಡ್ಡ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. ಆ ದನಗಳಿಗೆಂದೇ ಸಂಸ್ಥಾನದ ಉದ್ದಗಲಕ್ಕೂ ಹುಲ್ಲುಗಾವಲು ಕಾದಿಟ್ಟಿದ್ದರು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಯಾವ ತಿಂಗಳು ಎಲ್ಲಿ ಹುಲ್ಲು ನೀರು ಇರುತ್ತದೋ ಅಲ್ಲಿಗೆ ಹಿಂಡು ಹೋಗುತ್ತಿತ್ತು. ಆ ಎತ್ತುಗಳ ಬಲದಿಂದ ಹೈದರಾಲಿಯ ಸೇನೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲಿಯನ್ ಸಾಹೇಬ ಖರ್ಚು ಉಳಿಸುತ್ತೇನೆಂದು ಇಡೀ ಇಲಾಖೆಯನ್ನೇ ಮುಚ್ಚಿಸಿದ. ಆರು ವರ್ಷದೊಳಗೆ ಒಳ್ಳೆಯ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ತೆರೆದರು. ಕಳೆದುಕೊಂಡ ದನವನ್ನು ಮತ್ತೆ ಕಟ್ಟಬಹುದು. ಕಳೆದುಕೊಂಡ ಕಾವಲನ್ನು ಕಟ್ಟಲು ಆಗುವುದಿಲ್ಲ. 2008ರಿಂದ 2010ರೊಳಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ಉಳ್ಳಾರ್ತಿ, ವರವು, ಖುದಾಪುರದ ಕಡೆ ಸುಮಾರು 10,000 ಎಕರೆ ಕಾವಲನ್ನು ವಿಜ್ಞಾನ ಸಂಸ್ಥೆಗಳಿಗೆ ಹಂಚಿದರು. ಗೋಡೆ ಎದ್ದಿತು. ಕುರಿ ಮೇಯಿಸುವವರು ಗೋಡೆಯಾಚೆ ನಿಂತರು. ದೇಶಕ್ಕೆ ವಿಜ್ಞಾನ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಕುರುಬರನ್ನು ಮೊದಲು ಒಂದು ಮಾತು ಕೇಳಿದ್ದರೆ ವಿಜ್ಞಾನ ಮೈಲಿಗೆಯಾಗುತ್ತಿರಲಿಲ್ಲ.

ಗೋಮಾಳಕ್ಕೆ ಕಾನೂನಿನ ಕಾವಲೂ ಇದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೇ ನಿಯಮ ನೋಡಿ: ಊರಿನ 100 ದನಕ್ಕೆ 12 ಹೆಕ್ಟೇರಿನಂತೆ ಮೇಯಲು ನೆಲ ಬಿಡಬೇಕು. ಒಳ್ಳೆಯ ನಿಯಮ. ತೂತು ಎಲ್ಲಿದೆ ಅಂದರೆ, ಲೆಕ್ಕ ದನದ ಮೇಲೆ ನಿಂತಿದೆ. ನಗರದ ಅಂಚಿನ ಹಳ್ಳಿಯಲ್ಲಿ ದನ ಮಾರಿ ಸ್ಕೂಟರ್ ಕೊಂಡ ಮೇಲೆ ದನಗಣತಿಯಲ್ಲಿ ತಲೆ ಕಡಿಮೆ, ತಲೆ ಕಡಿಮೆಯಾದರೆ ಗೋಮಾಳ ಹೆಚ್ಚುವರಿ, ಹೆಚ್ಚುವರಿಯಾದರೆ ಬೇರೆ ಉದ್ದೇಶಕ್ಕೆ ಕೊಡಬಹುದು. ದನವಿಲ್ಲದ ಊರಿಗೆ ಬಯಲೂ ಬೇಡ ಎಂಬುದು ಈ ಲೆಕ್ಕದ ತಾತ್ಪರ್ಯ. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿಗಳಾದವು. ಹಳ್ಳಿ ಹೋಗಿ ಪಟ್ಟಣವಾದ ಕಡೆ ಗೋಮಾಳದ ಗತಿ ಏನಾಗುತ್ತದೆಂದು ಊಹಿಸಲು ಜ್ಯೋತಿಷ್ಯ ಬೇಡ.

ಇಲ್ಲೇ ಸೈಕಲ್ಲಿನ ಮಾತು ಬರುವುದು. ಬಯಲನ್ನು ಬಳಸುವವರು ಇದ್ದರೆ ಬಯಲು ಉಳಿಯುತ್ತದೆ. ಕುರಿಯವರು, ದನದವರು ಮೊದಲ ಹಕ್ಕುದಾರರು, ಅದರಲ್ಲಿ ಎರಡು ಮಾತಿಲ್ಲ. ಅವರ ಬೆನ್ನಿಗೆ ಊರಿನ ನೂರಾರು ಸೈಕಲ್ಲಿನವರು "ಇದು ದಾರಿ, ಇದನ್ನು ಮುಚ್ಚಬೇಡಿ" ಅಂತ ನಿಂತರೆ ತಹಸೀಲ್ದಾರರ ಕಚೇರಿಯಲ್ಲಿ ಧ್ವನಿ ಸ್ವಲ್ಪ ಹೆಚ್ಚು ಕೇಳಿಸುತ್ತದೆ. ಕುರಿ ಮೇಯಿಸುವವನ ಅರ್ಜಿಗೂ ನಿವೃತ್ತ ಮುಖ್ಯ ಇಂಜಿನಿಯರ ಅರ್ಜಿಗೂ ಕಚೇರಿಗಳಲ್ಲಿ ಸಿಗುವ ಕುರ್ಚಿ ಬೇರೆ ಬೇರೆ ಎಂಬುದು ನಾಚಿಕೆಗೇಡಾದರೂ ನಿಜ. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಏನಾಗುತ್ತದೋ ನೋಡಬಹುದು.

ಇದು ಗಾಳಿಗೋಪುರವಲ್ಲ, ಬೇರೆ ಕಡೆ ನಡೆದ ಸಂಗತಿ. ಇಂಗ್ಲೆಂಡಿನ ದಕ್ಷಿಣಕ್ಕೆ ಹ್ಯಾಂಪ್‌ಷೈರಿನಲ್ಲಿ ನ್ಯೂ ಫಾರೆಸ್ಟ್ ಎಂಬ ಸೀಮೆಯಿದೆ. ಹೆಸರಿಗೆ ಹೊಸ ಕಾಡು, ವಯಸ್ಸು 900 ವರ್ಷಕ್ಕೂ ಮೇಲೆ. 1079ರಲ್ಲಿ ವಿಲಿಯಂ ದೊರೆ ಬೇಟೆಗೆಂದು ಕಾದಿಟ್ಟದ್ದು. ಒಂದು ಕಡೆ ಓಕ್, ಬೀಚ್ ಮರಗಳ ಮುದಿ ಕಾಡು. ಅದು ಮುಗಿಯುತ್ತಿದ್ದಂತೆ ಮೊಣಕಾಲೆತ್ತರದ ಪೊದೆಗಳ ಬಟ್ಟಬಯಲು. ಆ ಬಯಲಿಗೆ ಅವರು ಹೀತ್ ಎನ್ನುತ್ತಾರೆ. ಮೈಸೂರಿನವರು ನೋಡಿದರೆ "ಓಹೋ, ಕಾವಲು" ಅನ್ನುತ್ತಾರೆ, ಚಳಿಯೊಂದು ಬೇರೆ. ಅಲ್ಲಿನ ಹಳ್ಳಿಯವರಿಗೆ ತಮ್ಮ ಕುದುರೆ, ದನಗಳನ್ನು ಬಯಲಿಗೆ ಬಿಡುವ ಪರಂಪರೆಯ ಹಕ್ಕಿದೆ. ಶರತ್ಕಾಲದಲ್ಲಿ ಉದುರಿದ ಓಕ್ ಕಾಯಿ ತಿನ್ನಲು ಹಂದಿ ಬಿಡುವ ಹಕ್ಕೂ ಇದೆ. ಆ ಹಕ್ಕುಗಳನ್ನು ನೋಡಿಕೊಳ್ಳಲು ವರ್ಡರರ್ ಎಂಬ ಪಂಚರು, ಅವರಿಗೊಂದು ನ್ಯಾಯಸಭೆ. ಕುದುರೆ ದನ ಮೇಯುವುದರಿಂದಲೇ ಆ ಬಯಲು ಬಯಲಾಗಿ ಉಳಿದಿದೆ, ಇಲ್ಲದಿದ್ದರೆ ಪೊದೆ ಬೆಳೆದು ಮುಚ್ಚಿಹೋಗುತ್ತಿತ್ತು. 2005ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗಲೂ ದನದವರನ್ನು ಹೊರಗೆ ಅಟ್ಟಲಿಲ್ಲ.

ಸೈಕಲ್ಲಿನವರಿಗೆ ಅಲ್ಲಿ ಮಾಡಿರುವ ಏರ್ಪಾಡು ನೋಡಿದರೆ ಇಲ್ಲಿನ ಇಂಜಿನಿಯರುಗಳಿಗೆ ನಿರಾಸೆಯಾದೀತು, ಟೆಂಡರ್ ಕರೆಯುವಂಥದೇನೂ ಇಲ್ಲ. ಇದ್ದ ಜಲ್ಲಿದಾರಿಯನ್ನೇ ಆರಿಸಿದ್ದಾರೆ. ದಾರಿ ಕವಲೊಡೆಯುವಲ್ಲಿ ಮೋಟು ಕಂಬ, ಕಂಬಕ್ಕೆ ನಂಬರು, ಅದೇ ನಂಬರು ನಕ್ಷೆಯಲ್ಲಿ. ನಂಬರು ನೋಡಿಕೊಂಡು ಹೋಗು, ನಂಬರಿಲ್ಲದ ದಾರಿಗೆ ಚಕ್ರ ಇಳಿಸಬೇಡ, ಅಷ್ಟೇ ಕಾನೂನು. ಇಂಥ ದಾರಿಗಳು ಒಟ್ಟು ಸುಮಾರು 100 ಮೈಲಿ. ಡಾಂಬರಿಲ್ಲ, ಬಣ್ಣದ ಟೈಲ್ಸ್ ಇಲ್ಲ, ಉದ್ಘಾಟನೆಯ ಕಲ್ಲೂ ಇಲ್ಲ.

ಮೈಸೂರಿನಲ್ಲಿ ಸೈಕಲ್ಲಿಗೆ ಏನೂ ಮಾಡಿಲ್ಲವೆಂದಲ್ಲ. 2017ರ ಜೂನ್ 4ರಂದು ಟ್ರಿಣ್ ಟ್ರಿಣ್ ಶುರುವಾಯಿತು. 450 ಸೈಕಲ್ಲು, ಊರಿನ ಅಲ್ಲಲ್ಲಿ ನಿಲ್ದಾಣ. ದೇಶದಲ್ಲೇ ಮೊದಲ ಸಾಲಿನ ಪ್ರಯತ್ನ, ಮೆಚ್ಚಬೇಕಾದದ್ದೇ. ಆದರೆ ಅದು ಅರಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ಸೈಕಲ್ಲು. ಊರ ಹೊರಗಿನ ಸವಾರಿಗೆ ಅದರಿಂದ ಪ್ರಯೋಜನ ಕಡಿಮೆ. ಹಿಂದೆ ಈ ಎರಡು ಸವಾರಿಗಳ ನಡುವೆ ಭೇದವೇ ಇರಲಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಸೈಕಲ್ಲಿಗೆ ಪುರಸಭೆಯ ಹಿತ್ತಾಳೆ ಬಿಲ್ಲೆ ಇರಬೇಕಿತ್ತು, ಸಂಜೆ ಮೇಲೆ ದೀಪ ಇರಬೇಕಿತ್ತು, ಡಬಲ್ಸ್ ಹೊಡೆದರೆ ಪೊಲೀಸಿನವನು ಮೊದಲು ಚಕ್ರದ ಗಾಳಿ ಬಿಟ್ಟು ಆಮೇಲೆ ಹೆಸರು ಕೇಳುತ್ತಿದ್ದ. ಅದೇ ಸೈಕಲ್ಲಿನಲ್ಲಿ ಹುಡುಗರು ಕನ್ನಂಬಾಡಿ ಕಟ್ಟೆಗೆ ಹೋಗಿ ಬುತ್ತಿ ಬಿಚ್ಚಿ ತಿಂದು ಸಂಜೆಯೊಳಗೆ ಮನೆ ಸೇರುತ್ತಿದ್ದರು. ಹಳ್ಳಿಯಿಂದ ಹಾಲಿನ ಕ್ಯಾನು, ಸೊಪ್ಪಿನ ಮೂಟೆ ಊರಿಗೆ ಬರುತ್ತಿದ್ದುದೂ ಅದರಲ್ಲೇ. ಈಗಲೂ ರಿಂಗ್ ರೋಡಿನಾಚೆಯಿಂದ ಕೂಲಿಗೆ ಸೈಕಲ್ ತುಳಿದು ಬರುವವರಿದ್ದಾರೆ, ಹೆಲ್ಮೆಟ್ಟಿಲ್ಲದೆ, ಮಿಣುಕು ದೀಪವಿಲ್ಲದೆ. ಸೈಕಲ್ ದಾರಿಯ ಮಾತೆತ್ತಿದಾಗ ಪಟ ಬರುವುದು ಬಿಗಿ ಚಡ್ಡಿಯವರದ್ದು. ಲಾರಿಗೆ ಸಿಕ್ಕಿ ಸಾಯುವ ಅಪಾಯ ಹೆಚ್ಚಿರುವುದು ಲುಂಗಿಯವರಿಗೆ.

ಅದಕ್ಕೇ ಮೊದಲ ಕೆಲಸ ಆಗಬೇಕಾದ್ದು ಬಯಲಿನಲ್ಲಲ್ಲ, ರಿಂಗ್ ರೋಡ್ ದಾಟುವ ಜಾಗದಲ್ಲಿ. ಗೋಕುಲದಿಂದ ಕೆ.ಆರ್.ಎಸ್. ರಸ್ತೆ ಹಿಡಿದವರು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನ ಕ್ಷಯರೋಗ ಆಸ್ಪತ್ರೆ ದಾಟಿ ಮುಂದೆ ರಿಂಗ್ ರೋಡಿನ ಕೂಡುದಾರಿಗೆ ಬಂದರೆ ಅಲ್ಲಿ ಸೈಕಲ್ ಸವಾರನಿಗೆ ಯಾವ ಹಕ್ಕೂ ಇಲ್ಲ. ಆರು ಸಾಲಿನ ವಾಹನದ ನಡುವೆ ಓಡಿ ದಾಟಬೇಕು. 2024ರ ಕೊನೆಗೆ ಈ ರಸ್ತೆಗೆ ಯಾರ ಹೆಸರಿಡಬೇಕೆಂದು ದೊಡ್ಡ ರಂಪವೇ ಆಯಿತು. ಹೆಸರು ಯಾರದೇ ಇರಲಿ, ದಾಟುವವನು ಆಚೆ ದಡ ಸೇರಬೇಕಲ್ಲ. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಕಡೆಯೂ ಇದೇ ಕಥೆ, ಪಾಳಿ ಬದಲಾಗುವ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಬೆಂಗಳೂರಿನ ಹೊಸ ದಶಪಥ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಎಲ್ಲವನ್ನೂ ಮುಖ್ಯ ಪಥದಿಂದ ಹೊರಗಿಟ್ಟರು. ವೇಗದ ರಸ್ತೆಯಲ್ಲಿ ಸೈಕಲ್ಲು ಬೇಡ ಎಂಬುದು ಒಪ್ಪುವ ಮಾತೇ. ಆದರೆ ಒಂದು ದಾರಿ ಮುಚ್ಚಿದವರು ಇನ್ನೊಂದು ದಾರಿ ತೋರಿಸಬೇಕು ಎಂಬುದು ಹಳ್ಳಿಯ ಪಂಚಾಯ್ತಿಕಟ್ಟೆಗೂ ಗೊತ್ತಿರುವ ನ್ಯಾಯ.

ದಾರಿ ಯಾವುದು ಅಂದರೆ, ಕೈಮುಟ್ಟಿ ತೋರಿಸಬಹುದಾದದ್ದು ಮೂರಿವೆ. ಅತಿ ಹತ್ತಿರದ್ದು ಬೆಳಗೊಳದ ಮೇಲೆ ಕನ್ನಂಬಾಡಿಗೆ, ಹದಿನೈದು ಕಿಲೋಮೀಟರಿನ ಆಸುಪಾಸು. ಮುಖ್ಯರಸ್ತೆ ಬಿಟ್ಟು ಹಳ್ಳಿಯ ರಸ್ತೆ, ನಾಲೆಯ ಏರಿ ಹಿಡಿದರೆ ಲಾರಿಯ ಕಾಟವಿಲ್ಲ. ಇದು ಗದ್ದೆ ತೆಂಗಿನ ದಾರಿ, ಬಯಲು ಕಡಿಮೆ. ಮಕ್ಕಳಿಗೆ, ಹೊಸಬರಿಗೆ ಸಾಕು. ದೂರದ್ದು ಮೇಲುಕೋಟೆಗೆ: ರಂಗನತಿಟ್ಟು, ಶ್ರೀರಂಗಪಟ್ಟಣ, ಪಾಂಡವಪುರ, ಕುಂತಿಬೆಟ್ಟದ ಮಗ್ಗುಲು, ತೊಣ್ಣೂರು ಕೆರೆ, ಅಲ್ಲಿಂದ ಕಲ್ಲುಗುಡ್ಡಗಳ ಸೀಮೆ. ಹತ್ತಿರ ಹತ್ತಿರ 50 ಕಿಲೋಮೀಟರು. ಮೇಲುಕೋಟೆಯ ಪುಳಿಯೋಗರೆ ಎಲ್ಲರಿಗೂ ಗೊತ್ತು, ಅಲ್ಲಿ ತೋಳಕ್ಕೆಂದು 1974ರಲ್ಲಿ 49.82 ಚದರ ಕಿಲೋಮೀಟರು ಅಭಯಾರಣ್ಯ ಮಾಡಿದ್ದು ಎಷ್ಟು ಜನಕ್ಕೆ ಗೊತ್ತು? ತೋಳ ದಟ್ಟ ಕಾಡಿನ ಮೃಗವಲ್ಲ, ಬಯಲಿನದು. ಬಯಲು ಹೋದರೆ ತೋಳ ಹೋಗುತ್ತದೆ, ಹುಲಿಗೆ ಸಿಗುವ ಕಣ್ಣೀರು ತೋಳಕ್ಕೆ ಸಿಗುವುದಿಲ್ಲ. ಅಲ್ಲಿ ಒಂದು ರಾತ್ರಿ ಉಳಿದು ಮರುದಿನ ಹಿಂತಿರುಗುವುದು ನಡುವಯಸ್ಸಿನವರಿಗೆ ಲೇಸು.

ಮೂರನೆಯದು ಇಲವಾಲದ ಮೇಲೆ ಅರಬಿತಿಟ್ಟಿಗೆ. ಗೋಕುಲದವರು ಹಟ ಹಿಡಿಯಬೇಕಾದದ್ದು ಇದಕ್ಕೇ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಸಮ್ಮೇಳನ ನಡೆದದ್ದು ಇದೇ ಇಲವಾಲದಲ್ಲಿ, ನೆಹರೂ ಅವರೂ ಬಂದಿದ್ದರು. ಭೂಮಿ ಊರಿನದಾಗಬೇಕೆಂದು ದೇಶದ ದೊಡ್ಡವರು ಕೂತು ಒಪ್ಪಿದ ಜಾಗದ ಸುತ್ತ ಈಗ ಸೈಟಿನ ಬೋರ್ಡುಗಳು. ಹುಣಸೂರು ರಸ್ತೆಯಲ್ಲಿ ನೇರ ಹೋಗುವುದು ಜೀವಕ್ಕೆ ಒಳ್ಳೆಯದಲ್ಲ, ಅದು ಕೊಡಗಿಗೆ ಹೋಗುವ ಕಾರುಗಳ ದಾರಿ. ಅದರ ಎಡಬಲದ ಹಳ್ಳಿ ರಸ್ತೆ, ಗಾಡಿ ದಾರಿಗಳನ್ನು ಹೊಲಿದು ಒಂದು ಜಾಡು ಮಾಡಬಹುದು. ರತ್ನಹಳ್ಳಿ ಕಡೆ ಅಣುಶಕ್ತಿ ಇಲಾಖೆಯ ಕಾರ್ಖಾನೆಯ ಬೇಲಿಯಿದೆ, ಅತ್ತ ತಿರುಗುವ ಮಾತೇ ಬೇಡ. ಕೆರೆ ಏರಿಗಳಿವೆ, ಗುಂಡುತೋಪುಗಳಿವೆ, ತೋಪಿನಲ್ಲಿ ಆಲವೋ ಹುಣಸೆಯೋ ತಲೆಮಾರುಗಳ ಹಿಂದೆ ನೆಟ್ಟ ಮರ. ಈ ಸೀಮೆಯಲ್ಲಿ ಮುದಿ ಕಾಡು ಅಂತ ಏನಾದರೂ ಉಳಿದಿದ್ದರೆ ಅದು ಈ ತೋಪುಗಳಲ್ಲಿ, ಊರ ದೇವರ ಹೆಸರಿನಲ್ಲಿ. ದೇವರ ಹೆಸರಿದ್ದದ್ದರಿಂದ ಕೊಡಲಿ ಬೀಳಲಿಲ್ಲ. ದೇವರ ಹೆಸರಿಲ್ಲದ ಮರದ ಗತಿ ಹೈದರಾಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ಕಂಡಿತು: ಒಂದು ರಾತ್ರಿ ಕಳೆಯುವುದರೊಳಗೆ 40 ಮರ ನೆಲಕ್ಕೆ.

ಅಭಯಾರಣ್ಯದೊಳಕ್ಕೆ ಸೈಕಲ್ಲು ಬೇಡ. 1972ರ ವನ್ಯಜೀವಿ ಕಾನೂನಿನಂತೆ ಅನುಮತಿಯಿಲ್ಲದೆ ಒಳಗೆ ಕಾಲಿಡುವ ಹಾಗೂ ಇಲ್ಲ, ಅದು ಸರಿಯಾದ ಕಾನೂನೇ. ಜಾಡು ಹೊರ ಅಂಚಿನ ಹಳ್ಳಿಗಳ ಮೇಲೆ ಹೋಗಲಿ. ಹುಲ್ಲಿನ ಬಯಲಿನಲ್ಲೂ ಇದ್ದ ಗಾಡಿ ದಾರಿಯ ಅಗಲಕ್ಕಿಂತ ಒಂದು ಗೇಣು ಹೆಚ್ಚು ಬೇಡ. ನೆಲಗುಬ್ಬಿ, ಗೌಜಲಹಕ್ಕಿಗಳು ಮೊಟ್ಟೆಯಿಡುವುದು ನೆಲದ ಮೇಲೆಯೇ. ಚಕ್ರ ದಾರಿ ಬಿಟ್ಟರೆ ಗೂಡು ಹೋಗುತ್ತದೆ. ಹಳೆಯ ಕಾವಲಿನವರ ಬುದ್ಧಿಯನ್ನೇ ಇಲ್ಲಿ ಬಳಸಬಹುದು, ಕಾಲಕ್ಕೊಂದು ದಾರಿ. ಕಾರ್ತಿಕದಿಂದ ಸಂಕ್ರಾಂತಿವರೆಗೆ ಬಯಲಿನ ದಾರಿ. ಆಮೇಲೆ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾದಾಗ ಬಯಲು ಮುಚ್ಚಿ ನಾಲೆ ಏರಿ ತೆರೆಯಲಿ. ಮುಂಗಾರು ಬಿದ್ದು ಕರಿಮಣ್ಣು ಚಕ್ರಕ್ಕೆ ಮೆತ್ತುವ ಕಾಲದಲ್ಲಿ ಡಾಂಬರು ದಾರಿಯೇ ಗತಿ.

ಆಕ್ಷೇಪಣೆಗಳಿಲ್ಲದಿಲ್ಲ. ಮೊದಲನೆಯದು ಚಿರತೆ. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲೇ ಚಿರತೆ ಕಾಣಿಸಿಕೊಂಡು ನೌಕರರನ್ನು ಮನೆಯಿಂದಲೇ ಕೆಲಸ ಮಾಡಿ ಎಂದರು. ಅಂದರೆ ಗೋಕುಲಕ್ಕೂ ಚಿರತೆಗೂ ನಡುವೆ ದೂರ ಬಹಳವಿಲ್ಲ. ಅದಕ್ಕೂ ಮೊದಲು 2022-23ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಜನರೇ ಸತ್ತಿದ್ದಾರೆ, ಇದನ್ನು ಹಗುರವಾಗಿ ಆಡುವಂತಿಲ್ಲ. ಆದರೆ ಚಿರತೆ ಊರೊಳಗೆ ಬಂದದ್ದು ಸೈಕಲ್ ದಾರಿ ಹಿಡಿದಲ್ಲ. ಅದು ಓಡಾಡುತ್ತಿದ್ದ ಕುರುಚಲಿನಲ್ಲಿ ಕಟ್ಟಡ ಎದ್ದಿವೆ, ಕಟ್ಟಡದ ಹಿಂದೆ ಮಾಂಸದಂಗಡಿಯ ಕಸ ಬಿದ್ದಿದೆ, ಕಸಕ್ಕೆ ನಾಯಿ, ನಾಯಿಗೆ ಚಿರತೆ. ಸೂರ್ಯ ಹುಟ್ಟಿದ ಮೇಲೆ ಹೊರಟು, ಸಂಜೆಗತ್ತಲಿಗೆ ಮುಂಚೆ ವಾಪಸಾಗಿ, ಒಂಟಿಯಾಗಿ ಹೋಗದಿದ್ದರೆ ಅಪಾಯ ಬಹುಪಾಲು ತಪ್ಪುತ್ತದೆ. ದನ ಕಾಯುವ ಹುಡುಗರು ಇದನ್ನು ಯಾವ ತರಬೇತಿಯೂ ಇಲ್ಲದೆ ಪಾಲಿಸುತ್ತಾರೆ.

ಎರಡನೆಯದು ಹೆಣ್ಣುಮಕ್ಕಳ ಮಾತು. ನಿರ್ಜನ ಬಯಲಿನಲ್ಲಿ ಹೋಗುವುದು ಹೇಗೆ? ಇದಕ್ಕೆ ಉತ್ತರ ದಾರಿ ನಿರ್ಜನವಾಗದಂತೆ ನೋಡಿಕೊಳ್ಳುವುದೇ. ಹಳ್ಳಿಯ ಅಂಗಳದ ಮೇಲೆ ಜಾಡು ಹೋದರೆ, ಊರಿಗೊಂದು ಕಡೆ ನೀರು, ಮಜ್ಜಿಗೆ ಸಿಕ್ಕರೆ, ವಾರದಲ್ಲಿ ಎರಡು ದಿನವಾದರೂ ಗುಂಪಿನ ಸವಾರಿಯಿದ್ದರೆ ದಾರಿಗೆ ಕಣ್ಣು ಬರುತ್ತದೆ. ಸಿ.ಸಿ. ಕ್ಯಾಮೆರಾ ಹಾಕಿಸುತ್ತೇವೆ ಎಂದು ಯಾರಾದರೂ ಮುಂದೆ ಬಂದರೆ ಅವರನ್ನು ಪಂಚಾಯ್ತಿ ಕಚೇರಿಗೆ ಕಳಿಸಬಹುದು, ಅಲ್ಲಿ ಹೆಚ್ಚು ಅಗತ್ಯವಿದೆ.

ಮೂರನೆಯದೇ ಗಟ್ಟಿ ಆಕ್ಷೇಪಣೆ. ಹಳ್ಳಿಯವರು ಕೇಳುತ್ತಾರೆ: "ಇವತ್ತು ಸೈಕಲ್ಲು ಅಂತೀರಿ, ನಾಳೆ ಜಾಗ ಚೆನ್ನಾಗಿದೆ ಅಂತ ರೆಸಾರ್ಟು ಮಾಡ್ತೀರಿ. ಆಮೇಲೆ ನಮ್ಮ ದನ ಎಲ್ಲಿಗೆ ಹೋಗ್ಬೇಕು?" ಸುಳ್ಳೇನಲ್ಲ. ಪಟ್ಟಣದವರ ಪ್ರೀತಿ ಬಿದ್ದ ಕಡೆ ಹಳ್ಳಿಯವರ ನೆಲ ಉಳಿದ ಉದಾಹರಣೆ ಕಡಿಮೆ. ಕೆರೆಯ ದಡ ಚೆಂದವಾಯಿತು ಎಂದರೆ ಮೊದಲು ಬೇಲಿ ಬೀಳುತ್ತದೆ, ಆಮೇಲೆ ಟಿಕೆಟ್ಟು, ಎಮ್ಮೆಗೆ ಪ್ರವೇಶವಿಲ್ಲ. ಅದಕ್ಕಾಗಿ ಮೊದಲು ಬರೆಯಬೇಕಾದದ್ದು ಸೈಕಲ್ಲಿನ ನಿಯಮವಲ್ಲ, ದನದ ನಿಯಮ: ಜಾಡಿನ ಮೇಲೆ ಹಿಂಡು ಬಂದರೆ ಸೈಕಲ್ ಇಳಿದು ನಿಲ್ಲಬೇಕು, ಗಂಟೆ ಬಾರಿಸಿ ಬೆದರಿಸುವಂತಿಲ್ಲ, ಜಾಡಿನ ನೆಪದಲ್ಲಿ ಬೇಲಿ, ದೀಪ, ಡಾಂಬರು, ಅಂಗಡಿ ಯಾವುದೂ ಬರುವಂತಿಲ್ಲ, ದಾರಿ ಹೋಗುವ ಪ್ರತಿ ಸರ್ವೆ ನಂಬರಿನ ಗೋಮಾಳ ಗೋಮಾಳವಾಗಿಯೇ ಇರತಕ್ಕದ್ದು. ಜೂನ್ 5 ಬಂತೆಂದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಪಟ ತೆಗೆಸಿಕೊಳ್ಳುವುದನ್ನೂ ಇದೇ ಪಟ್ಟಿಗೆ ಸೇರಿಸಬೇಕು. ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು 2017ರಲ್ಲಿ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಮರ ನೆಡುವುದೆಲ್ಲ ಪುಣ್ಯವಲ್ಲ ಎಂದು ಅರ್ಥವಾಗಲು ಅಷ್ಟು ವರ್ಷ ಹಿಡಿಯಿತು.

ಇದನ್ನೆಲ್ಲ ಮಾಡುವ ಅಧಿಕಾರ ಒಂದೇ ಕೈಯಲ್ಲಿದೆಯೇ? ಇಲ್ಲ. ರಸ್ತೆ ಒಬ್ಬರದು, ಕೆರೆ ಇನ್ನೊಬ್ಬರದು, ನಾಲೆ ಏರಿ ನೀರಾವರಿಯವರದು, ಕಾಡಂಚು ಅರಣ್ಯದವರದು, ಗೋಮಾಳ ಕಂದಾಯದವರದು. ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲಾಧಿಕಾರಿಗಳೊಬ್ಬರೇ. 1964ರ ಭೂಕಂದಾಯ ಕಾಯಿದೆಯ 71ನೇ ಕಲಮಿನಡಿ ಸರ್ಕಾರಿ ನೆಲವನ್ನು ಮೇವಿಗೆ, ಸಾರ್ವಜನಿಕ ಉಪಯೋಗಕ್ಕೆ ಎಂದು ಗುರುತಿಸಿಡುವ ಅಧಿಕಾರವೂ ಅವರಿಗಿದೆ. ದುಡ್ಡಿನ ಮಾತು ಬಂದರೆ, ಕಂಬಗಳಿಗೆ ಕಲ್ಲು ಸಾಕು. ಈ ಸೀಮೆಯಲ್ಲಿ ಕಲ್ಲಿಗೂ ಕಲ್ಲುಕುಟಿಗರಿಗೂ ಬರವಿಲ್ಲ. ಹಳೆಯ ಮೈಲಿಗಲ್ಲಿನಂತೆ ಮೊಣಕಾಲೆತ್ತರದ ಕಲ್ಲು, ಅದರ ಮೇಲೆ ಕನ್ನಡ ಅಂಕಿಯಲ್ಲಿ ಒಂದು ನಂಬರು. ರಿಂಗ್ ರೋಡಿನ ಎರಡು ಕೂಡುದಾರಿಗಳಲ್ಲಿ ಸೈಕಲ್ಲು, ನಡೆಯುವವರು ದಾಟಲು ಸಿಗ್ನಲ್ಲಿನಲ್ಲಿ ಅರ್ಧ ನಿಮಿಷ.

ಮೊದಲ ಕಲ್ಲು ನೆಡುವ ಮುಂಚೆ ಗೋಕುಲದ ಸೈಕಲ್ಲಿನವರು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಭಾನುವಾರ ಬೆಟ್ಟಕ್ಕೆ ಹೋಗುವ ಬದಲು ಇಲವಾಲದ ಕಡೆ ಹೋಗಿ, ದಾರಿಯಲ್ಲಿ ಸಿಗುವ ದನದವರನ್ನು ಮಾತಾಡಿಸಿ, ಯಾವ ಗಾಡಿ ದಾರಿ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಈಗಾಗಲೇ ಬೇಲಿ ಬಿದ್ದಿದೆ ಎಂದು ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಗಾಡಿ ದಾರಿಗಳೂ ಕಾಲುದಾರಿಗಳೂ ಚುಕ್ಕಿ ಗೆರೆಯಲ್ಲಿ ಇರುತ್ತವೆ, ನಕಲು ಶುಲ್ಕ ಕಟ್ಟಿದರೆ ಯಾರಿಗಾದರೂ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಚುಕ್ಕಿ ಗೆರೆಗಳು ಕಾಣೆಯಾಗಿವೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆ ಪಟ್ಟಿಯ ಕೆಳಗೆ ದನದವರದ್ದೊಂದು ಹೆಬ್ಬೆಟ್ಟು, ಸೈಕಲ್ಲಿನವರದ್ದೊಂದು ಸಹಿ ಹಾಕಿಸಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಬೇಕು.